ಮೆಡಿಕಲ್ ಶಾಪಿನಲ್ಲಿ ಮಾತಿಗೆ ಬೆಲೆ ಎಷ್ಟು?

ಕೆಮ್ಮಿನ ಸಿರಪ್ ಕೇಳಿಕೊಂಡು ಬರುವವರನ್ನು ನಾನು ಒಂದು ಪ್ರಶ್ನೆ ಕೇಳದೆ ಕಳಿಸುವುದಿಲ್ಲ. "ಬಿ.ಪಿ.ಗೆ ಮಾತ್ರೆ ತಗೊಳ್ತಾ ಇದೀರಾ?" ತುಂಬಾ ಜನಕ್ಕೆ ಆಶ್ಚರ್ಯ. ಕೆಮ್ಮಿಗೂ ಬಿ.ಪಿ.ಗೂ ಏನು ಸಂಬಂಧ ಅಂತ.

ಸಂಬಂಧ ಇದೆ. ರಾಮಿಪ್ರಿಲ್, ಎನಲಾಪ್ರಿಲ್ ಥರದ ಮಾತ್ರೆಗಳು ಕೆಲವರಿಗೆ ಒಣ ಕೆಮ್ಮು ತರಿಸುತ್ತವೆ. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಬರೀ ಕೆರೆತ. ಸಿರಪ್ ಎಷ್ಟು ಕುಡಿದರೂ ಹೋಗುವುದಿಲ್ಲ. ಡಾಕ್ಟರು ಆ ಮಾತ್ರೆ ಬದಲಾಯಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗೇ ನಿಲ್ಲುತ್ತದೆ.

ಗುತ್ತಲು ಕಡೆಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಬಂದಾಗಲೆಲ್ಲ ಒಂದು ಬಾಟಲಿ ಸಿರಪ್.

"ಕೆಮ್ಮು ಯಾವಾಗಿಂದ ಅಜ್ಜಿ?"

"ಮಾರಮ್ಮನ ಹಬ್ಬದಿಂದ್ಲೂ ಐತೆ ಕಣವ್ವ. ರಾತ್ರಿ ಮಲಗಕ್ಕೆ ಬುಡದಿಲ್ಲ."

"ಬಿ.ಪಿ. ಮಾತ್ರೆ?"

"ಹೂಂ, ಅದೂ ಹಬ್ಬಕ್ಕೆ ಮುಂಚೆನೇ ಶುರು ಮಾಡವ್ರೆ."

ಸೆರಗಿನ ಗಂಟಿನಿಂದ ಸ್ಟ್ರಿಪ್ ತೆಗೆದು ತೋರಿಸಿದರು. ರಾಮಿಪ್ರಿಲ್. ನಾನು ಒಂದು ಚೀಟಿಯಲ್ಲಿ ಡಾಕ್ಟರಿಗೆ ಎರಡು ಸಾಲು ಬರೆದೆ. ಈ ಮಾತ್ರೆ ಶುರುವಾದ ಮೇಲೆ ಒಣ ಕೆಮ್ಮು, ದಯವಿಟ್ಟು ಒಮ್ಮೆ ನೋಡಿ ಅಂತ. ಅಜ್ಜಿಗೆ ಮೂರು ಸಲ ಹೇಳಿದೆ, "ಡಾಕ್ಟ್ರು ಹೇಳೋವರೆಗೂ ಮಾತ್ರೆ ನೀವಾಗೇ ನಿಲ್ಲಿಸಬೇಡಿ." ಆ ದಿನ ಸಿರಪ್ ಕೊಡಲಿಲ್ಲ. ಮುಂದಿನ ಸಲ ಅವರು ಬಂದಾಗ ಡಾಕ್ಟರ ಚೀಟಿಯಲ್ಲಿ ಬೇರೆ ಮಾತ್ರೆ ಇತ್ತು. ಆಮೇಲೆ ಸಿರಪ್ ಕೇಳಲೇ ಇಲ್ಲ.

ನನ್ನ ವೃತ್ತಿಯಲ್ಲಿ ಇದಕ್ಕಿಂತ ಒಳ್ಳೆ ಕೆಲಸ ನನಗೆ ಗೊತ್ತಿಲ್ಲ. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಆ ದಿನ ಒಂದು ಬಾಟಲಿ ವ್ಯಾಪಾರ ತಪ್ಪಿತು, ಹತ್ತು ನಿಮಿಷ ಹೋಯಿತು, ಹಿಂದೆ ನಿಂತಿದ್ದ ಗಿರಾಕಿಯೊಬ್ಬರು ಬೇಸರ ಮಾಡಿಕೊಂಡು ಪಕ್ಕದ ಅಂಗಡಿಗೆ ಹೋದರು. ಫಾರ್ಮಸಿಸ್ಟರ ಕೆಲಸ ಬದಲಾಗುತ್ತಿದೆ, ನಾವು ಬರೀ ಮಾತ್ರೆ ಕೊಡುವವರಾಗಿ ಉಳಿಯಬಾರದು ಅಂತ ಎಲ್ಲ ಕಡೆ ಕೇಳುತ್ತೇನೆ. ನಾನೂ ಅದನ್ನು ಮನಸಾರೆ ನಂಬಿದವಳು. ಆದರೆ ಆ ಹತ್ತು ನಿಮಿಷದ ಖರ್ಚು ಯಾರದು ಅನ್ನುವ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಈ ಬರಹ ಅದರ ಬಗ್ಗೆ.

ಮಂಡ್ಯದ ನೂರಡಿ ರಸ್ತೆಯ ಹತ್ತಿರ ಒಂದು ಅಡ್ಡರಸ್ತೆಯಲ್ಲಿ ನಮ್ಮ ಅಂಗಡಿ. ಚಿಕ್ಕದು. ನಾನು ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಓದಿದ್ದು ಹಳೇ ಸಿಲಬಸ್‌ನಲ್ಲಿ, ಅಂದರೆ 1991ರ ನಿಯಮದ ಪ್ರಕಾರ. ಎರಡು ವರ್ಷ ಓದು, ಆಮೇಲೆ 500 ಗಂಟೆ ಪ್ರಾಕ್ಟಿಕಲ್ ತರಬೇತಿ. ಮಿಕ್ಸ್‌ಚರ್ ಮಾಡುವುದು, ಎಮಲ್ಷನ್ ಮಾಡುವುದು, ಮುಲಾಮು ಅರೆಯುವುದು ಎಲ್ಲ ಕೈಯಾರೆ ಕಲಿತೆವು. ಲ್ಯಾಬ್‌ನಲ್ಲಿ ಖಲಬತ್ತು ಹಿಡಿದು ನಿಂತ ದಿನಗಳು ಇನ್ನೂ ಇಷ್ಟ. ಅಂಗಡಿಗೆ ಬಂದ ಮೇಲೆ ಅದರಲ್ಲಿ ಒಂದನ್ನೂ ಮಾಡುವ ಸಂದರ್ಭ ಬರಲಿಲ್ಲ. ಎಲ್ಲವೂ ಕಂಪನಿಯಿಂದ ಪ್ಯಾಕ್ ಆಗಿಯೇ ಬರುತ್ತದೆ. ಸ್ಟಾಕ್ ಇಡುವುದು, ಎಕ್ಸ್‌ಪೈರಿ ನೋಡುವುದು, ಬಿಲ್ ಹಾಕುವುದನ್ನು ಕಲಿಸಲು ಒಂದು ಪೂರ್ತಿ ವಿಷಯವೇ ಇತ್ತು. ಎದುರಿಗೆ ನಿಂತವರ ಜೊತೆ ಹೇಗೆ ಮಾತಾಡಬೇಕು ಅನ್ನುವುದಕ್ಕೆ ಸಿಕ್ಕ ಜಾಗ ತೀರಾ ಕಡಿಮೆ.

ಈಗ ಓದುವ ಮಕ್ಕಳದ್ದು 2020ರ ಹೊಸ ನಿಯಮ. ಸೋಷಿಯಲ್ ಫಾರ್ಮಸಿ, ಫಾರ್ಮಕೋಥೆರಪ್ಯುಟಿಕ್ಸ್ (ಯಾವ ಕಾಯಿಲೆಗೆ ಯಾವ ಔಷಧಿ, ಹೇಗೆ ಅನ್ನುವ ವಿಷಯ), ಕಮ್ಯುನಿಟಿ ಫಾರ್ಮಸಿ ಎಲ್ಲ ಇದೆ. ರೋಗಿಯ ಜೊತೆ ಮಾತಾಡುವುದನ್ನು ಪ್ರಾಕ್ಟಿಕಲ್ ಆಗಿ ಮಾಡಿಸುತ್ತಾರೆ. ಓದು ಮುಗಿದ ಮೇಲೆ ಎಕ್ಸಿಟ್ ಪರೀಕ್ಷೆ ಅಂತ 2022ರಲ್ಲಿ ನಿಯಮ ಬಂತು, ಮೊದಲ ಪರೀಕ್ಷೆ 2024ರ ಅಕ್ಟೋಬರ್‌ನಲ್ಲಿ ನಡೆಯಿತು. ಅದರ ಬಗ್ಗೆ ಪರ ವಿರೋಧ ಎರಡೂ ಇದೆ. ನನಗಂತೂ ಪುಸ್ತಕ ಬದಲಾದದ್ದೇ ದೊಡ್ಡ ಸಂತೋಷ.

ಈ ಬದಲಾವಣೆ ನಮ್ಮ ಮೈಸೂರಿಗೆ ಹೊಸದೇನಲ್ಲ ಅನ್ನುವುದು ಹೊರಗಿನವರಿಗೆ ಅಷ್ಟು ಗೊತ್ತಿಲ್ಲ. ಜೆಎಸ್‌ಎಸ್ ಫಾರ್ಮಸಿ ಕಾಲೇಜು ಶುರುವಾದದ್ದು 1973ರಲ್ಲಿ. 1990ರ ದಶಕದ ಕೊನೆಯ ಹೊತ್ತಿಗೇ ಅಲ್ಲಿ ಫಾರ್ಮಸಿ ಪ್ರಾಕ್ಟೀಸ್ ಅಂತ, ಅಂದರೆ ರೋಗಿಯ ಹತ್ತಿರ ನಿಂತು ಮಾಡುವ ಫಾರ್ಮಸಿ ಕೆಲಸ ಕಲಿಸುವ, ಎಂ.ಫಾರ್ಮ್ (ಸ್ನಾತಕೋತ್ತರ) ಕೋರ್ಸ್ ಬಂತು. ದೇಶದಲ್ಲಿ ಅಂಥ ಕೋರ್ಸು ಬೆರಳೆಣಿಕೆಯಷ್ಟು ಕಡೆ ಇದ್ದ ಕಾಲ ಅದು. ಆಸ್ಟ್ರೇಲಿಯಾದ ಫಾರ್ಮಸಿಸ್ಟರು ಬಂದು ಕಲಿಸಲು ಕೈಜೋಡಿಸಿದ್ದರು. ಫಾರ್ಮಸಿ ವಿದ್ಯಾರ್ಥಿಗಳು ಬಿಳಿ ಕೋಟು ಹಾಕಿಕೊಂಡು ಡಾಕ್ಟರ ಜೊತೆ ವಾರ್ಡ್ ರೌಂಡ್ಸ್ ಹೋಗುವುದು, ಕೇಸ್ ಶೀಟ್ ನೋಡಿ ಈ ಎರಡು ಔಷಧಿ ಒಟ್ಟಿಗೆ ಬೇಡ, ಕಿಡ್ನಿ ತೊಂದರೆ ಇದೆ ಡೋಸ್ ಕಡಿಮೆ ಮಾಡಿ ಅಂತ ಹೇಳುವುದು ಮೈಸೂರಿನ ಆಸ್ಪತ್ರೆಯಲ್ಲಿ ಆಗಲೇ ಕಾಣುತ್ತಿತ್ತು. ಆಮೇಲೆ 2008ರಲ್ಲಿ ದೇಶದಲ್ಲಿ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಪದವಿ ಶುರುವಾಯಿತು. ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಮ್ಮ ಮಂಡ್ಯ ಜಿಲ್ಲೆಯಲ್ಲೂ ಬಿ.ಜಿ. ನಗರದಲ್ಲಿ, ಭಾರತೀನಗರದಲ್ಲಿ ಫಾರ್ಮಸಿ ಕಾಲೇಜುಗಳಿವೆ.

ಅಂದರೆ ಜ್ಞಾನಕ್ಕೆ ಬರ ಇಲ್ಲ. ಮೈಸೂರಿಂದ ಮಂಡ್ಯಕ್ಕೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಆ ಜ್ಞಾನ ನಮ್ಮ ಕೌಂಟರಿಗೆ ಬಂದು ಮುಟ್ಟಲು ಇಷ್ಟು ವರ್ಷ ಯಾಕೆ ಬೇಕಾಯಿತು ಅನ್ನುವುದೇ ನನ್ನ ಕೊರಗು.

ಕೌಂಟರಿನಲ್ಲಿ ಈ ಜ್ಞಾನ ಯಾಕೆ ಬೇಕು ಅಂತ ಕೇಳುವವರಿಗೆ ಇನ್ಸುಲಿನ್ ಕಥೆ ಹೇಳುತ್ತೇನೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜ್. ಕೆಲವು ಇನ್ಸುಲಿನ್, ಉದಾಹರಣೆಗೆ ಗ್ಲಾರ್ಜಿನ್, ಎಂ.ಎಲ್.ಗೆ 100 ಯೂನಿಟ್ ಇರುವ ಬಾಟಲಿಯಲ್ಲಿ ಬರುತ್ತದೆ. ಅದಕ್ಕೆ ಕಿತ್ತಳೆ ಕ್ಯಾಪಿನ ಸಿರಿಂಜ್. ಎರಡು ಬಾಟಲಿಯೂ ನೋಡಲು ಹೆಚ್ಚು ಕಡಿಮೆ ಒಂದೇ ಥರ.

ಒಂದು ದಿನ ಒಬ್ಬ ರೈತರು ಬಂದರು. ಡಾಕ್ಟರು ಇನ್ಸುಲಿನ್ ಬದಲಾಯಿಸಿ ಗ್ಲಾರ್ಜಿನ್ ಬರೆದಿದ್ದರು, 20 ಯೂನಿಟ್, ರಾತ್ರಿ. ಬಾಟಲಿ ಕೊಟ್ಟು ಸಿರಿಂಜ್ ತೆಗೆಯುವಷ್ಟರಲ್ಲಿ ಅವರೇ ಅಂದರು, "ಸಿರಿಂಜ್ ಬ್ಯಾಡಿ ಮೇಡಂ, ಮನೇಲೇ ಬೇಕಾದಷ್ಟವೆ."

"ಅದರ ಕ್ಯಾಪ್ ಯಾವ ಬಣ್ಣ ಅಣ್ಣ?"

"ಕೆಂಪು."

ಆ ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಅರ್ಧ ಎಂ.ಎಲ್. ಹಳೇ ಬಾಟಲಿಯಲ್ಲಾದರೆ ಅದು ಸರಿಯಾಗಿ 20 ಯೂನಿಟ್. ಹೊಸ ಬಾಟಲಿಯಲ್ಲಿ ಅದೇ ಅರ್ಧ ಎಂ.ಎಲ್. ಅಂದರೆ 50 ಯೂನಿಟ್. ಬೇಕಾದ್ದಕ್ಕಿಂತ ಎರಡೂವರೆ ಪಟ್ಟು. ರಾತ್ರಿ ಮಲಗಿದ ಮೇಲೆ ಸಕ್ಕರೆ ಕೆಳಗಿಳಿದರೆ ಮನೆಯವರಿಗೆ ಗೊತ್ತಾಗುವುದೂ ಕಷ್ಟ. ಇಲ್ಲಿ ಯಾರದೂ ತಪ್ಪಿಲ್ಲ. ಡಾಕ್ಟರು ಸರಿಯಾಗೇ ಬರೆದಿದ್ದರು. ರೈತರು ದುಡ್ಡು ಉಳಿಸಲು ನೋಡಿದರು, ಅದೂ ಸರಿಯೇ. ಆ ಇಬ್ಬರ ನಡುವೆ, ಬಾಟಲಿ ಕೈ ಬದಲಾಗುವ ಹೊತ್ತಿನಲ್ಲಿ, ಬಣ್ಣ ಯಾವುದು ಅಂತ ಕೇಳಲು ಒಬ್ಬರು ಬೇಕಿತ್ತು. ಎರಡೂ ಸಿರಿಂಜ್ ಪಕ್ಕಪಕ್ಕ ಇಟ್ಟು ಗೆರೆ ತೋರಿಸಿದೆ. ಮನೆಯಲ್ಲಿ ಫ್ರಿಜ್ ಇಲ್ಲ ಅಂದರು. ಈಗ ಬಳಸುತ್ತಿರುವ ಬಾಟಲಿಯನ್ನು ಬಿಸಿಲು ಬೀಳದ ತಂಪು ಜಾಗದಲ್ಲಿ ಇಡಿ, ನೀರು ತುಂಬಿದ ಮಡಕೆಯ ಪಕ್ಕ ಇಟ್ಟರೂ ಆಗುತ್ತೆ, ನಾಲ್ಕು ವಾರ ಆದ ಮೇಲೆ ಉಳಿದಿದ್ದರೂ ಬಳಸಬೇಡಿ ಅಂತ ಹೇಳಿ ಕಳಿಸಿದೆ.

ಇದೆಲ್ಲ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ನಮ್ಮ ಊರಿನ ಊಟದ ಹೊತ್ತು. ಚೀಟಿಯಲ್ಲಿ ‘ತಿಂಡಿಗೆ ಮುಂಚೆ’ ಅಂತ ಇರುತ್ತದೆ. ಮಂಡ್ಯದ ಹಳ್ಳಿ ಮನೆಗಳಲ್ಲಿ ಪೇಟೆಯವರ ಥರ ಎಂಟು ಗಂಟೆಗೆ ತಿಂಡಿ ಎಲ್ಲಿದೆ? ಬೆಳಿಗ್ಗೆ ಐದಕ್ಕೆ ಎದ್ದು ಕಾಫಿ ಕುಡಿದು ಹಾಲು ಕರೆದು ಡೇರಿಗೆ ಹಾಕಿ ಗದ್ದೆಗೆ ಹೋದರೆ ಮುದ್ದೆ ಊಟ ಒಂಬತ್ತೂವರೆ, ಹತ್ತಕ್ಕೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತಗೊಳ್ಳುವವರು ತಿಂಡಿಗೆ ಮುಂಚೆ ಅಂದದ್ದನ್ನು ಪಾಲಿಸಿ ಆರು ಗಂಟೆಗೇ ನುಂಗಿರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಕಬ್ಬು ಕಡಿಯುತ್ತಾರೆ. ಬೆವರು, ನಡುಕ, ಕಣ್ಣು ಕತ್ತಲೆ. ಬಿಸಿಲಿಗೆ ಹೀಗಾಯಿತು ಅಂದುಕೊಂಡು ನೆರಳಲ್ಲಿ ಕೂರುತ್ತಾರೆ. ಅದು ಬಿಸಿಲಲ್ಲ, ಸಕ್ಕರೆ ಕೆಳಗಿಳಿದಿರುವುದು. "ದಿನದ ಮೊದಲನೇ ಊಟಕ್ಕೆ ಕೂತಾಗ ನುಂಗಿ" ಅಂತ ಹೇಳಿದರೆ ಸಾಕು. ಆಲೆಮನೆಯಲ್ಲಿ ರಾತ್ರಿ ಕೆಲಸ ಮಾಡುವವರಿಗೆ ಇನ್ನೂ ಬೇರೆ ಲೆಕ್ಕ. ಅಂಥವರನ್ನು ನಾನು ಊಟದ ಹೊತ್ತು ಬರೆದುಕೊಟ್ಟು ಡಾಕ್ಟರ ಹತ್ತಿರವೇ ಕಳಿಸುತ್ತೇನೆ.

ಥೈರಾಯ್ಡ್ ಮಾತ್ರೆಯದ್ದು ಉಲ್ಟಾ. ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ನುಂಗಬೇಕು, ಅರ್ಧದಿಂದ ಒಂದು ಗಂಟೆ ಏನೂ ಬೇಡ, ಕಾಫಿಯೂ ಬೇಡ. ಕಾಫಿ ಬಿಡಿ ಅಂದರೆ ನಮ್ಮ ಹೆಂಗಸರು ಮಾತ್ರೆಯನ್ನೇ ಬಿಡುತ್ತಾರೆ! ನಾನು ಹೀಗೆ ಹೇಳುತ್ತೇನೆ: "ಹಾಲು ಕರೆಯೋಕೆ ಹೋಗೋ ಮುಂಚೆ ಮಾತ್ರೆ, ಡೇರಿಗೆ ಹಾಕಿ ಬಂದ ಮೇಲೆ ಕಾಫಿ." ಇದು ಅವರಿಗೆ ಮರೆಯುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ಅದನ್ನು ನಾಲ್ಕು ಗಂಟೆಯಾದರೂ ಬಿಟ್ಟು, ಮಧ್ಯಾಹ್ನದ ಮೇಲೆ.

ಇನ್ನು ನಮಗೆ ಸಿಗುವ ತರಬೇತಿಯ ವಿಷಯ. 2015ರಲ್ಲಿ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಬಂದಾಗ ನನಗೆ ಹಬ್ಬದಷ್ಟು ಖುಷಿ ಆಗಿತ್ತು. ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟರ ಕರ್ತವ್ಯ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನೋಂದಣಿ ನವೀಕರಿಸಲು ಐದು ವರ್ಷದಲ್ಲಿ ಕನಿಷ್ಠ ಎರಡು ರಿಫ್ರೆಶರ್ ಕೋರ್ಸ್ ಮಾಡಬೇಕು, ಒಂದೊಂದು ದಿನದ್ದು. ನಾನು ಹೋಗಿದ್ದೇನೆ. ಹೇಳಿಕೊಟ್ಟವರು ತಿಳಿದವರು, ಅವರ ಮೇಲೆ ನನಗೆ ಗೌರವ ಇದೆ. ಆದರೆ ಒಂದು ಸಭಾಂಗಣ, ಮುನ್ನೂರು ನಾನೂರು ಜನ, ಪರದೆ ಮೇಲೆ ಒಂದರ ಹಿಂದೆ ಒಂದು ಸ್ಲೈಡ್. ಇಂಗ್ಲಿಷ್‌ನಲ್ಲಿ. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರು ನಲವತ್ತು ವರ್ಷದಿಂದ ಅಂಗಡಿ ನಡೆಸುತ್ತಿರುವವರು. ಊರಿನ ಅರ್ಧ ಮನೆಗಳ ಕಾಯಿಲೆ ಅವರಿಗೆ ಬಾಯಿಪಾಠ. ಸಂಜೆವರೆಗೂ ಅವರನ್ನು ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಅವರಿಗೂ ಕೇಳಲು ಅವಕಾಶ ಇರಲಿಲ್ಲ. ಸರ್ಟಿಫಿಕೇಟ್ ತಗೊಂಡು ಬಸ್ ಹತ್ತಿದೆವು.

ನಮ್ಮ ಕೆಲಸದ ಕಲಿಕೆ ಹಾಗೆ ಆಗುವುದಿಲ್ಲ. ನಾಳೆ ಬೆಳಿಗ್ಗೆ ಕೌಂಟರಿಗೆ ಬರುವ ಚೀಟಿಯನ್ನು ಮುಂದಿಟ್ಟುಕೊಂಡು ಕಲಿಯಬೇಕು.

ಅದಕ್ಕೆ ನಾವು ಕೆಲವರು ಒಂದು ಪ್ರಯತ್ನ ಮಾಡುತ್ತಿದ್ದೇವೆ. ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಮೈಸೂರಿನಲ್ಲಿ ಪಾಠ ಮಾಡುವ ಫಾರ್ಮ್.ಡಿ ಓದಿದ ಹುಡುಗಿಯೊಬ್ಬಳು ಬರುತ್ತಾಳೆ. ಅವಳ ತವರು ಮದ್ದೂರು ಕಡೆ. ಪ್ರತಿಯೊಬ್ಬರೂ ಆ ತಿಂಗಳು ತಲೆಕೆಡಿಸಿಕೊಂಡ ಒಂದು ಚೀಟಿಯ ವಿಷಯ ತರಬೇಕು, ರೋಗಿಯ ಹೆಸರು ಬಿಟ್ಟು. ಅಷ್ಟೇ ನಿಯಮ.

ಒಂದು ಸಲ ಬಂದ ವಿಷಯ ನೋವಿನ ಮಾತ್ರೆ. ಕಬ್ಬು ಕಡಿಯುವ ಕಾಲದಲ್ಲಿ ಸೊಂಟನೋವು, ಮೊಣಕಾಲು ನೋವು ಅಂತ ಡೈಕ್ಲೊಫೆನಾಕ್ ಕೇಳಿಕೊಂಡು ಬರುವವರಿಗೆ ಲೆಕ್ಕವಿಲ್ಲ. ಅದನ್ನು ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಕೇಳುತ್ತಾರೆ, ಸಿಗದಿದ್ದರೆ ಸಿಟ್ಟಾಗುತ್ತಾರೆ. ಆ ಹುಡುಗಿ ಒಂದು ಹಾಳೆ ಮೇಲೆ ಕಿಡ್ನಿಯ ಚಿತ್ರ ಬರೆದಳು. ರಕ್ತ ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ. ರಾಮಿಪ್ರಿಲ್ ಅಥವಾ ಲೋಸಾರ್ಟನ್ ಥರದ ಬಿ.ಪಿ. ಮಾತ್ರೆ ಹೊರದಾರಿಯನ್ನು ಅಗಲ ಮಾಡುತ್ತದೆ. ನೋವಿನ ಮಾತ್ರೆ ಒಳದಾರಿಯನ್ನು ಕಿರಿದು ಮಾಡುತ್ತದೆ. ಮೂತ್ರ ಹೋಗಿಸುವ ಮಾತ್ರೆ ಮೈಯಲ್ಲಿರುವ ನೀರನ್ನೇ ಕಡಿಮೆ ಮಾಡುತ್ತದೆ. ಮೂರೂ ಸೇರಿದರೆ ಕಿಡ್ನಿಗೆ ರಕ್ತ ಸೋಸಲು ಬೇಕಾದಷ್ಟು ಒತ್ತಡ ಸಿಗುವುದಿಲ್ಲ. ಅದರ ಮೇಲೆ ಬಿಸಿಲಲ್ಲಿ ದುಡಿಮೆ, ಬೆವರು. ನಮ್ಮ ನಲವತ್ತು ವರ್ಷದ ಅನುಭವಿ ಹಿರಿಯರು ಆ ಹಾಳೆಯನ್ನೇ ನೋಡುತ್ತಾ ಕೂತು, "ಈ ಮೂರೂ ಒಟ್ಟಿಗೆ ಇರೋ ಚೀಟಿಗಳು ನನ್ನ ಕಣ್ಣ ಮುಂದೆ ಬರ್ತಾ ಇವೆ ಕಣಮ್ಮ" ಅಂದರು. ಆ ಹಾಳೆಯ ಜೆರಾಕ್ಸ್ ಈಗ ನಮ್ಮೆಲ್ಲರ ಅಂಗಡಿಯ ಕೌಂಟರ್ ಗಾಜಿನ ಕೆಳಗಿದೆ. ಅಂಥ ಚೀಟಿ ಬಂದರೆ ಡಾಕ್ಟರಿಗೆ ಫೋನ್ ಮಾಡುತ್ತೇವೆ. ಮೊದಮೊದಲು ಡಾಕ್ಟರು ಒಬ್ಬಿಬ್ಬರು ಫೋನ್ ಎತ್ತುತ್ತಲೇ ಗದರಿದ್ದುಂಟು. ಈಗ ಅವರಲ್ಲೇ ಒಬ್ಬರು ಹೊಸ ಮಾತ್ರೆ ಬರೆದಾಗ "ಮೆಡಿಕಲ್‌ನಲ್ಲಿ ಕೇಳಿ ತಿಳ್ಕೊಳ್ಳಿ" ಅಂತ ಕಳಿಸುತ್ತಾರೆ.

ಆ ಹುಡುಗಿಯಿಂದಲೇ ಇನ್ನೊಂದು ಕಲಿತೆವು. ಔಷಧಿಯಿಂದ ತೊಂದರೆ ಆಗಿದೆ ಅಂತ ಅನುಮಾನ ಬಂದರೆ ನಾವೂ ವರದಿ ಮಾಡಬಹುದು. 2010ರಿಂದ ದೇಶದಲ್ಲಿ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಇದೆ, 1800-180-3024 ಉಚಿತ ಸಹಾಯವಾಣಿ. ಡಾಕ್ಟರೇ ಹೇಳಬೇಕು ಅಂತಿಲ್ಲ. ರೋಗಿಗಳೂ ಹೇಳಬಹುದು.

ಒಮ್ಮೆ ಅವಳನ್ನು ಕೇಳಿದೆ, "ನೀನು ಇಷ್ಟು ಓದಿದೀಯಲ್ಲಮ್ಮ, ನಿನ್ನ ಜೊತೆ ಓದಿದವರು ಎಲ್ಲಿದಾರೆ?"

"ಜಾಸ್ತಿ ಜನ ಬೆಂಗಳೂರಲ್ಲಿ ಅಕ್ಕ. ಕಂಪ್ಯೂಟರ್ ಮುಂದೆ ಕೂತು ಬೇರೆ ದೇಶದ ಔಷಧಿ ತೊಂದರೆಯ ಕೇಸ್ ನೋಡ್ತಾರೆ. ಕೆಲವರು ಹೊರದೇಶಕ್ಕೆ ಹೋದ್ರು. ಇನ್ನು ಕೆಲವರು ಮೆಡಿಕಲ್ ಕೋಡಿಂಗ್, ಅಂದ್ರೆ ಆಸ್ಪತ್ರೆ ದಾಖಲೆಗೆ ಕೋಡ್ ಹಾಕೋ ಕೆಲಸ."

"ಮೆಡಿಕಲ್ ಶಾಪಿಗೆ?"

"ಯಾರು ಬರ್ತಾರೆ ಅಕ್ಕ? ಆರು ವರ್ಷ ಓದಿ, ಸಾಲ ತೀರಿಸಬೇಕಲ್ಲ."

ಅವಳ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಅಂಗಡಿಯ ಆದಾಯ ಬರುವುದು ಮಾರಾಟದಿಂದ ಮಾತ್ರ. ಅಗತ್ಯ ಔಷಧಿಗಳ ಗರಿಷ್ಠ ಬೆಲೆ ಕಟ್ಟುವಾಗ ಸರ್ಕಾರ ಚಿಲ್ಲರೆ ಅಂಗಡಿಯ ಲಾಭ ಅಂತ ಲೆಕ್ಕ ಹಿಡಿಯುವುದು ಶೇಕಡಾ 16. 2013ರ ಬೆಲೆ ನಿಯಂತ್ರಣ ಆದೇಶದಲ್ಲೇ ಹಾಗಿದೆ. ಬಾಡಿಗೆ, ಕರೆಂಟು, ಫ್ರಿಜ್ಜು, ಕೆಲಸದ ಹುಡುಗರ ಸಂಬಳ ಎಲ್ಲ ಮಾರಾಟದ ಲಾಭದಲ್ಲೇ ನಡೆಯಬೇಕು. ಎದುರಿಗೆ ದೊಡ್ಡ ಕಂಪನಿಯ ಅಂಗಡಿ ಶೇಕಡಾ 15, 20 ರಿಯಾಯಿತಿ ಬೋರ್ಡ್ ಹಾಕುತ್ತದೆ. ಮೊಬೈಲ್‌ನಲ್ಲಿ ಒತ್ತಿದರೆ ಮಾತ್ರೆ ಮನೆ ಬಾಗಿಲಿಗೆ. ಹೀಗಿರುವಾಗ ಮಾಲೀಕರಾದವರು ಕಡಿಮೆ ಸಂಬಳದ ಹುಡುಗನನ್ನು ನಿಲ್ಲಿಸಿ, ಗೋಡೆಗೆ ಬೇರೆ ಯಾರದೋ ಸರ್ಟಿಫಿಕೇಟ್ ತಗುಲಿ ಹಾಕುತ್ತಾರೆ. ಚೀಟಿ ನೋಡಿ ಔಷಧಿ ಕೊಡುವವರು ನೋಂದಾಯಿತ ಫಾರ್ಮಸಿಸ್ಟರೇ ಆಗಿರಬೇಕು ಅಂತ 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಸರ್ಟಿಫಿಕೇಟ್ ಬಾಡಿಗೆಗೆ ಕೊಡುವ ನಮ್ಮವರ ಮೇಲೆ ನನಗೆ ತುಂಬಾ ಕೋಪ ಇದೆ. ಆ ದುಡ್ಡು ಕೂತಲ್ಲಿಗೇ ಬರುತ್ತದೆ ನಿಜ. ಅದರ ಬದಲಿಗೆ ಇಡೀ ವೃತ್ತಿಯ ಮಾನ ಹೋಗುತ್ತದೆ. ಕೌಂಟರಿನಲ್ಲಿ ಯಾರು ನಿಂತರೂ ನಡೆಯುತ್ತದೆ ಅಂತ ನಾವೇ ಜನಕ್ಕೆ ತೋರಿಸಿಕೊಟ್ಟ ಹಾಗಾಯಿತಲ್ಲ.

ಮಾತಿಗೆ ದುಡ್ಡು ಕೊಡುವ ದೇಶಗಳಿವೆ. ಆಸ್ಟ್ರೇಲಿಯಾದಲ್ಲಿ 2001ರಿಂದ ಡಾಕ್ಟರು ಹೇಳಿದರೆ ಫಾರ್ಮಸಿಸ್ಟ್ ರೋಗಿಯ ಮನೆಗೇ ಹೋಗಿ ಎಲ್ಲ ಔಷಧಿ ಒಂದೊಂದಾಗಿ ನೋಡಿ ವರದಿ ಕೊಡುತ್ತಾರೆ. ಅದಕ್ಕೆ ಅಲ್ಲಿನ ಸರ್ಕಾರ ಶುಲ್ಕ ಕೊಡುತ್ತದೆ. ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ ಗಂಟಲುನೋವು, ಕಿವಿನೋವು ಸೇರಿ ಏಳು ಸಣ್ಣ ತೊಂದರೆಗಳಿಗೆ ಫಾರ್ಮಸಿಸ್ಟರೇ ನೋಡಿ ಔಷಧಿ ಕೊಡಬಹುದು. ಅಂಗಡಿಗೆ ಆ ಸಮಾಲೋಚನೆಯ ಹಣ ಸಿಗುತ್ತದೆ. ಇಲ್ಲಿಗೆ ಅದನ್ನೇ ತನ್ನಿ ಅಂತ ನಾನು ಹೇಳುವುದಿಲ್ಲ. ನಮ್ಮ ಜನ ಡಾಕ್ಟರ ಫೀಸಿಗೇ ಕಷ್ಟಪಡುತ್ತಾರೆ. ಅವರ ಜೇಬಿನಿಂದ ಇನ್ನೊಂದು ಫೀಸು ನನಗೂ ಬೇಡ. ಆದರೆ ಕ್ಷಯದ ಔಷಧಿ ಕೊಟ್ಟರೆ ಸರ್ಕಾರಕ್ಕೆ ತಿಳಿಸಿ ಅಂತ 2018ರಲ್ಲಿ ನಮಗೂ ಹೊಣೆ ಕೊಟ್ಟರು. ಶೆಡ್ಯೂಲ್ ಎಚ್1ರ, ಅಂದರೆ ಹೆಚ್ಚು ನಿಗಾ ಇಡಬೇಕಾದ ಔಷಧಿಗಳ ಪಟ್ಟಿಯ, ಆಂಟಿಬಯೋಟಿಕ್ ಕೊಟ್ಟರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಎಲ್ಲ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡುತ್ತೇವೆ. ಸಂತೋಷದಿಂದ ಮಾಡುತ್ತೇವೆ, ಅದು ಆಗಬೇಕಾದ ಕೆಲಸ. ಇಷ್ಟು ಹೊಣೆ ಹೊರಿಸುವ ಸರ್ಕಾರ ಸಕ್ಕರೆ ಕಾಯಿಲೆಯ, ಬಿ.ಪಿ.ಯ ಒಬ್ಬ ರೋಗಿಯ ಜೊತೆ ಫಾರ್ಮಸಿಸ್ಟ್ ಕೂತು ಮಾತಾಡುವ ಹತ್ತು ನಿಮಿಷಕ್ಕೂ ಒಂದು ಮೊತ್ತ ಕಟ್ಟಲಿ. ಒಂದೇ ತಾಲ್ಲೂಕಿನಲ್ಲಿ ಮೊದಲು ಮಾಡಿ ನೋಡಲಿ. ಇನ್ಸುಲಿನ್ ತಪ್ಪಾಗಿ ಚುಚ್ಚಿಕೊಂಡು ಆಸ್ಪತ್ರೆ ಸೇರುವ ಒಬ್ಬರ ಖರ್ಚು ಉಳಿದರೆ ಎಷ್ಟು ಜನರ ಹತ್ತು ನಿಮಿಷಕ್ಕೆ ಆಗುತ್ತದೆ, ಲೆಕ್ಕ ಹಾಕಲಿ.

ರಿಫ್ರೆಶರ್ ಕೋರ್ಸು ತಾಲ್ಲೂಕಿಗೆ ಬರಲಿ, ಕನ್ನಡದಲ್ಲಿ ಆಗಲಿ, ಇಪ್ಪತ್ತು ಜನಕ್ಕಿಂತ ಜಾಸ್ತಿ ಬೇಡ. ಫಾರ್ಮ್.ಡಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ನಲ್ಲಿ ಎರಡು ತಿಂಗಳಾದರೂ ನಮ್ಮಂಥ ಸಣ್ಣ ಅಂಗಡಿಗಳಿಗೆ ಮೀಸಲಿಡಲಿ. ಅವರು ನಮಗೆ ಕಿಡ್ನಿಯ ಚಿತ್ರ ಬರೆದು ತೋರಿಸುತ್ತಾರೆ, ನಾವು ಅವರಿಗೆ ಡೇರಿಯ ಹೊತ್ತು, ಆಲೆಮನೆಯ ಪಾಳಿ ತಿಳಿಸುತ್ತೇವೆ.

ನಮ್ಮ ಮುಂದಿನ ಭಾನುವಾರದ ವಿಷಯ ಇನ್ಹೇಲರ್. ಉಬ್ಬಸಕ್ಕೆ ಕೊಡುವ ಪಂಪ್ ಸರಿಯಾಗಿ ಎಳೆಯದೆ ಔಷಧಿಯೆಲ್ಲ ಗಂಟಲಲ್ಲೇ ಉಳಿಯುವುದನ್ನು ದಿನಾ ನೋಡುತ್ತೇವೆ. ಮೊದಲು ಉಸಿರು ಹೊರಗೆ ಬಿಡುವುದು, ನಿಧಾನಕ್ಕೆ ಎಳೆಯುತ್ತಾ ಒತ್ತುವುದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯುವುದು, ಸ್ಟೀರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸುವುದು. ಹೇಳುವುದು ಸುಲಭ, ಎದುರಿಗೆ ಮಾಡಿ ತೋರಿಸಲು ನಮಗೇ ಅಭ್ಯಾಸ ಬೇಕು. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ ಸುತ್ತಮುತ್ತ ಕೌಂಟರಿನಲ್ಲಿ ನಿಲ್ಲುವವರು ಯಾರೇ ಇದನ್ನು ಓದುತ್ತಿದ್ದರೂ ಬನ್ನಿ. ಡಿ.ಫಾರ್ಮ್ ಆಗಲಿ, ಬಿ.ಫಾರ್ಮ್ ಆಗಲಿ. ಖಾಲಿಯಾದ ಪಂಪ್ ಇದ್ದರೆ ಜೊತೆಗೆ ತನ್ನಿ. ಊಟ ನಮ್ಮ ಮನೆಯಲ್ಲೇ.